ಟೆಸ್ಟ್ ಡೋಸ್ ಸರಿ ಇದ್ದರೂ ಕುಸಿದ ರಕ್ತದೊತ್ತಡ: ಅರಿವಳಿಕೆಯ ವೇಳೆಯ ಅಲರ್ಜಿ ಕುರಿತ ಪ್ರಕರಣ ಅಧ್ಯಯನ

ಗುಬ್ಬಿ ತಾಲೂಕಿನ ಹಳ್ಳಿಯೊಂದರ 48 ವರ್ಷದ ರೈತ ಮಹಿಳೆಯೊಬ್ಬರು ಪಿತ್ತಕೋಶದ ಕಲ್ಲಿನಿಂದ ಪದೇ ಪದೇ ಕಾಣಿಸಿಕೊಳ್ಳುತ್ತಿದ್ದ ಹೊಟ್ಟೆನೋವಿಗೆ ತುಮಕೂರಿನ ಆಸ್ಪತ್ರೆಯೊಂದರಲ್ಲಿ ದಾಖಲಾಗಿದ್ದರು. ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶವನ್ನು ತೆಗೆಯುವುದೆಂದು ತೀರ್ಮಾನವಾಗಿತ್ತು. ತೂಕ 60 ಕೆ.ಜಿ.; ಮೂರು ವರ್ಷಗಳಿಂದ ರಕ್ತದೊತ್ತಡಕ್ಕೆ ದಿನಕ್ಕೊಂದು ಟೆಲ್ಮಿಸಾರ್ಟನ್ ಮಾತ್ರೆ; ಸಕ್ಕರೆ ಕಾಯಿಲೆ ಇಲ್ಲ, ಉಬ್ಬಸ ಇಲ್ಲ; ಎರಡು ಸಹಜ ಹೆರಿಗೆ, ಅನಂತರ ಸ್ಥಳೀಯ ಅರಿವಳಿಕೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ. ಪೂರ್ಣ ಅರಿವಳಿಕೆಗೆ ಒಳಗಾಗುತ್ತಿದ್ದುದು ಇದೇ ಮೊದಲು. ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ ಎಂಬ ಪ್ರಶ್ನೆಗೆ ಇಲ್ಲವೆಂದು ಉತ್ತರಿಸಿದ್ದು ಕೇಸ್ ಶೀಟಿನಲ್ಲಿ ದಾಖಲಾಗಿತ್ತು. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಏಳು ಗಂಟೆಗೆ ವಾರ್ಡಿನಲ್ಲಿ ಸೆಫ್ಟ್ರಿಯಾಕ್ಸೋನ್ ಆಂಟಿಬಯಾಟಿಕ್‌ನ ಟೆಸ್ಟ್ ಡೋಸ್ ಕೊಟ್ಟು, ಮುಂಗೈ ಮೇಲೆ ಪೆನ್ನಿನಿಂದ ವೃತ್ತ ಬರೆದು, ಸ್ವಲ್ಪ ಹೊತ್ತಿನ ನಂತರ ನೋಡಿ ‘ರಿಯಾಕ್ಷನ್ ಇಲ್ಲ’ ಎಂದು ಬರೆಯಲಾಗಿತ್ತು. ರೋಗಿಯ ಗುರುತು ಸಿಗಬಾರದೆಂದು ವೈದ್ಯಕೀಯ ಅರ್ಥಕ್ಕೆ ಸಂಬಂಧಿಸದ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ.

ಓ.ಟಿ.ಯಲ್ಲಿ ಮಾನಿಟರ್ ಜೋಡಿಸಿದಾಗ ರಕ್ತದೊತ್ತಡ 138/84, ನಾಡಿ ನಿಮಿಷಕ್ಕೆ 82, ರಕ್ತದ ಆಮ್ಲಜನಕ ಪ್ರಮಾಣ ಶೇ 98 ಇತ್ತು. 9 ಗಂಟೆ 20 ನಿಮಿಷಕ್ಕೆ ಮಿಡಜೋಲಮ್ ಮತ್ತು ಫೆಂಟನಿಲ್, 9.24ಕ್ಕೆ ಪ್ರೊಪೊಫೋಲ್, 9.25ಕ್ಕೆ ಸ್ನಾಯು ಸಡಿಲಿಸುವ ಅಟ್ರಾಕ್ಯೂರಿಯಂ 30 ಮಿ.ಗ್ರಾಂ. ಕೊಡಲಾಯಿತು. 9.28ಕ್ಕೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದಾಗ ಎರಡೂ ಕಡೆ ಗಾಳಿ ಸಮನಾಗಿ ಹೋಗುತ್ತಿತ್ತು. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ 36 ಇತ್ತು. ಅದಾದ ಐದು ನಿಮಿಷಕ್ಕೆ ಸೆಫ್ಟ್ರಿಯಾಕ್ಸೋನ್ 1 ಗ್ರಾಂ ರಕ್ತನಾಳಕ್ಕೆ ಹೋಯಿತು. 9.36ಕ್ಕೆ ನಾಡಿ 128ಕ್ಕೆ ಏರಿತು, ಗಾಳಿ ತುಂಬಲು ಬೇಕಾದ ಒತ್ತಡ 18ರಿಂದ 38ಕ್ಕೆ ಜಿಗಿಯಿತು, ಇಂಗಾಲದ ಡೈಆಕ್ಸೈಡ್ 17ಕ್ಕೆ ಬಿತ್ತು, ಆಮ್ಲಜನಕ ಪ್ರಮಾಣ ಶೇ 86ಕ್ಕೆ ಇಳಿಯಿತು. ಎರಡು ಬಾರಿ ಅಳೆಯಲಾರದೆ ಸೋತ ಬಿ.ಪಿ. ಪಟ್ಟಿ ಮೂರನೆಯ ಸಲ 54/30 ತೋರಿಸಿತು. ಚರ್ಮದ ಮೇಲೆ ಏನೂ ಇರಲಿಲ್ಲ.

ಓ.ಟಿ.ಯಲ್ಲಿದ್ದ ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸಕರನ್ನು ತಡೆದು, ಶೇ 100 ಆಮ್ಲಜನಕ ಕೊಟ್ಟು, ಕಾಲುಗಳನ್ನು ಎತ್ತಿಸಿ, ಅಡ್ರಿನಲಿನ್ 50 ಮೈಕ್ರೋಗ್ರಾಂ ರಕ್ತನಾಳಕ್ಕೆ ನೀಡಿದರು. ಎರಡು ನಿಮಿಷದಲ್ಲಿ ಫಲ ಸಾಲದೆಂದು ಕಂಡಾಗ 100 ಮೈಕ್ರೋಗ್ರಾಂ ನೀಡಿ, ಅನಂತರ ಪಂಪಿನ ಮೂಲಕ ಹನಿಹನಿಯಾಗಿ ಮುಂದುವರಿಸಿದರು. ಒತ್ತಡ ಇನ್ನೂ ಇಳಿದು ಮೇಲಿನ ಅಂಕಿ 50ರ ಕೆಳಗೆ ಹೋದರೆ, ನಾಡಿ ಕೈಗೆ ಸಿಗುತ್ತಿದ್ದರೂ, ಎದೆ ಒತ್ತುವುದನ್ನು ಆರಂಭಿಸಬೇಕೆಂದು ಒಬ್ಬರನ್ನು ಅಣಿಯಾಗಿ ನಿಲ್ಲಿಸಿದ್ದರು. ಎರಡು ಲೀಟರಿನಷ್ಟು ದ್ರವ ವೇಗವಾಗಿ ಹೋದ ಮೇಲೆ 9.50ಕ್ಕೆ ಒತ್ತಡ 96/58ಕ್ಕೆ ಮರಳಿತು. ಆಗ, ಅಂದರೆ ರಕ್ತ ಮತ್ತೆ ಚರ್ಮಕ್ಕೆ ಹರಿಯತೊಡಗಿದ ಮೇಲೆ, ಎದೆ ಮತ್ತು ತೊಡೆಯ ಮೇಲೆ ಕೆಂಪು ಗಂಧೆಗಳು ಎದ್ದವು. ಶಸ್ತ್ರಚಿಕಿತ್ಸೆಯನ್ನು ಮುಂದೂಡಿ ರೋಗಿಯನ್ನು ತೀವ್ರ ನಿಗಾ ಘಟಕಕ್ಕೆ ಕರೆತಂದರು. ನನ್ನ ಪಾತ್ರ ಶುರುವಾದದ್ದು ಅಲ್ಲಿಂದ. ಜೀವ ಉಳಿಸುವ ಕೆಲಸವನ್ನು ಸಹೋದ್ಯೋಗಿಗಳು ಆಗಲೇ ಮಾಡಿ ಮುಗಿಸಿದ್ದರು. ಕಾರಣ ಹುಡುಕುವುದು ಉಳಿದಿತ್ತು.

ಇದು ಅಲರ್ಜಿಯೇ?

ಅರಿವಳಿಕೆಯಲ್ಲಿರುವ ರೋಗಿ ತುರಿಕೆ ಎನ್ನಲಾರರು, ಗಂಟಲು ಬಿಗಿಯುತ್ತಿದೆ ಎನ್ನಲಾರರು, ತಲೆ ಸುತ್ತುತ್ತಿದೆ ಎನ್ನಲಾರರು. ಮೈಮೇಲೆ ಹಸಿರು ಬಟ್ಟೆ ಹೊದಿಸಿರುವುದರಿಂದ ಚರ್ಮವೂ ಕಾಣುವುದಿಲ್ಲ. ಉಳಿಯುವುದು ಮಾನಿಟರಿನ ಅಂಕಿಗಳು ಮಾತ್ರ. ಆ ಅಂಕಿಗಳು ಕೆಡಲು ಬೇರೆ ಕಾರಣಗಳೂ ಸಾಕಷ್ಟಿವೆ. ಪ್ರೊಪೊಫೋಲ್ ಸ್ವತಃ ಒತ್ತಡ ಇಳಿಸುತ್ತದೆ. ಟೆಲ್ಮಿಸಾರ್ಟನ್ ಸೇವಿಸುವವರಲ್ಲಿ ಆ ಇಳಿತ ಹೆಚ್ಚು ಮೊಂಡಾಗಿರುತ್ತದೆ. ಟ್ಯೂಬ್ ಒಂದೇ ಶ್ವಾಸಕೋಶಕ್ಕೆ ಜಾರಿದರೆ ಗಾಳಿಯ ಒತ್ತಡ ಏರುತ್ತದೆ. ಅರಿವಳಿಕೆ ಸಾಲದಿದ್ದಾಗ ಟ್ಯೂಬಿನ ಸ್ಪರ್ಶಕ್ಕೇ ಶ್ವಾಸನಾಳಗಳು ಬಿಗಿಯುತ್ತವೆ. ಹೃದಯಾಘಾತ, ಎದೆಗೂಡಿನಲ್ಲಿ ಗಾಳಿ ತುಂಬಿಕೊಳ್ಳುವುದು ಇವನ್ನೂ ಮರೆಯುವಂತಿಲ್ಲ. ಹೊಟ್ಟೆಗೆ ಗ್ಯಾಸ್ ತುಂಬುವ ಮೊದಲೇ ಘಟನೆ ನಡೆದದ್ದರಿಂದ ಲ್ಯಾಪ್ರೋಸ್ಕೋಪಿಗೇ ಸೇರಿದ ತೊಂದರೆಗಳನ್ನು ಮಾತ್ರ ಸುಲಭವಾಗಿ ಬದಿಗಿಡಬಹುದಾಗಿತ್ತು.

ಬರೀ ಪ್ರೊಪೊಫೋಲಿನಿಂದ ಒತ್ತಡ ಇಳಿದಿದ್ದರೆ ಶ್ವಾಸನಾಳ ಬಿಗಿಯುತ್ತಿರಲಿಲ್ಲ. ಬರೀ ಶ್ವಾಸನಾಳ ಬಿಗಿದಿದ್ದರೆ ಒತ್ತಡ ಇಷ್ಟು ಕುಸಿಯುತ್ತಿರಲಿಲ್ಲ. ಎರಡೂ ಒಂದೇ ನಿಮಿಷದಲ್ಲಿ ಆದವು. ಇಂಗಾಲದ ಡೈಆಕ್ಸೈಡ್ 36ರಿಂದ 17ಕ್ಕೆ ಬಿದ್ದದ್ದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸುಳಿವು. ಶ್ವಾಸಕೋಶಕ್ಕೆ ತಲುಪುವ ರಕ್ತವೇ ಕಡಿಮೆಯಾಗಿದೆ, ರಕ್ತನಾಳಗಳು ಹಿಗ್ಗಿ ದ್ರವ ಸೋರಿ ಹೃದಯಕ್ಕೆ ಮರಳುವ ರಕ್ತ ಬರಿದಾಗಿದೆ ಎಂಬುದನ್ನು ಅದು ಹೇಳುತ್ತದೆ. ಇ.ಸಿ.ಜಿ., ಟ್ರೋಪೋನಿನ್, ಹೃದಯದ ಎಕೋ, ಶ್ವಾಸಕೋಶದ ಅಲ್ಟ್ರಾಸೌಂಡ್ ಎಲ್ಲವೂ ಸಹಜವಾಗಿದ್ದವು. 1977ರಲ್ಲಿ ರಿಂಗ್ ಮತ್ತು ಮೆಸ್ಮರ್ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಶ್ರೇಣಿಯ ಪ್ರಕಾರ ಇದು ಜೀವಾಪಾಯದ ಮೂರನೆಯ ದರ್ಜೆಯ ಪ್ರತಿಕ್ರಿಯೆ. ಗಂಧೆ ಮೊದಲಿಗೆ ಕಾಣಲಿಲ್ಲವೆಂಬ ಕಾರಣಕ್ಕೆ ಅನಾಫಿಲ್ಯಾಕ್ಸಿಸ್, ಅಂದರೆ ಇಡೀ ದೇಹವನ್ನು ಹಠಾತ್ತನೆ ಆವರಿಸುವ ತೀವ್ರ ಅಲರ್ಜಿ, ಅಲ್ಲವೆಂದು ವಾದಿಸುವುದನ್ನು ಇಂದಿಗೂ ಕೇಳುತ್ತೇವೆ; ಒತ್ತಡ ಪೂರ್ತಿ ಕುಸಿದಿರುವಾಗ ಚರ್ಮದಲ್ಲಿ ಗಂಧೆ ಏಳಿಸುವಷ್ಟು ರಕ್ತವೇ ಇರುವುದಿಲ್ಲ ಎಂಬುದನ್ನು ಆ ವಾದ ಗಮನಿಸುವುದಿಲ್ಲ.

ರೋಗಲಕ್ಷಣಗಳ ಆಧಾರದ ಈ ತೀರ್ಮಾನಕ್ಕೆ ರಕ್ತದ ಸಾಕ್ಷಿ ಬೇಕಿತ್ತು. ಅಲರ್ಜಿಯ ಮಾಸ್ಟ್ ಕೋಶಗಳು ಒಡೆದಾಗ ಹಿಸ್ಟಮಿನ್ ಎಂಬ ರಾಸಾಯನಿಕದ ಜೊತೆಗೆ ಟ್ರಿಪ್ಟೇಸ್ ಎಂಬ ಕಿಣ್ವವನ್ನೂ ಚೆಲ್ಲುತ್ತವೆ. ಹಿಸ್ಟಮಿನ್ ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಮಾಯವಾಗುತ್ತದೆ. ಟ್ರಿಪ್ಟೇಸ್ ಅರ್ಧಕ್ಕೆ ಇಳಿಯಲು ಸುಮಾರು ಎರಡು ಗಂಟೆ ಬೇಕು. ಆದ್ದರಿಂದ ಘಟನೆ ಆರಂಭವಾದ ಒಂದರಿಂದ ಎರಡು ಗಂಟೆಯೊಳಗೆ, ತಡವಾದರೂ ನಾಲ್ಕು ಗಂಟೆಯೊಳಗೆ, ಒಂದು ಮಾದರಿ ತೆಗೆಯಬೇಕು. ಎಲ್ಲ ಶಾಂತವಾಗಿ 24 ಗಂಟೆ ಕಳೆದ ಮೇಲೆ ಆ ವ್ಯಕ್ತಿಯ ಸಹಜ ಮಟ್ಟ ತಿಳಿಯಲು ಇನ್ನೊಂದು. ಅಡ್ರಿನಲಿನ್, ಹೈಡ್ರೋಕಾರ್ಟಿಸೋನ್, ಫೆನಿರಮಿನ್ ಯಾವುದೂ ಈ ಫಲಿತಾಂಶವನ್ನು ಕೆಡಿಸುವುದಿಲ್ಲ. ಹಾಗಾಗಿ ಚಿಕಿತ್ಸೆ ಕೊಟ್ಟಾಯಿತಲ್ಲ, ಇನ್ನು ಪರೀಕ್ಷೆ ಏಕೆ ಎಂಬ ಮಾತಿಗೆ ಅರ್ಥವಿಲ್ಲ. ನಮ್ಮಲ್ಲಿ ಮೊದಲ ಮಾದರಿಯನ್ನು 10.45ಕ್ಕೆ ತೆಗೆದು, ರಕ್ತದ ತಿಳಿ ಭಾಗವಾದ ಸೀರಂ ಬೇರ್ಪಡಿಸಿ, ತಣ್ಣಗಿನ ಪೆಟ್ಟಿಗೆಯಲ್ಲಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. ಜಿಲ್ಲಾ ಕೇಂದ್ರಗಳಲ್ಲಿ ಈ ಪರೀಕ್ಷೆ ಸುಲಭವಾಗಿ ಸಿಗುವುದಿಲ್ಲ ಎಂಬುದು ನಿಜ, ಆದರೆ ಸೀರಂ ತಣ್ಣಗೆ ಇಟ್ಟರೆ ಕೆಡುವಂಥದ್ದಲ್ಲ. ರಾಜಧಾನಿಗೆ ಎಪ್ಪತ್ತು ಕಿಲೋಮೀಟರ್ ದೂರದಲ್ಲಿರುವ ನಮಗೆ ಅದು ಕಾರಣವಾಗಬಾರದು.

ಮೊದಲ ಮಾದರಿಯಲ್ಲಿ ಲೀಟರಿಗೆ 27.6 ಮೈಕ್ರೋಗ್ರಾಂ, ಮರುದಿನ ಮಧ್ಯಾಹ್ನದ ಮಾದರಿಯಲ್ಲಿ 5.1 ಬಂದಿತು. ಸಹಜ ಮಟ್ಟವನ್ನು 1.2ರಿಂದ ಗುಣಿಸಿ 2 ಸೇರಿಸಿದಾಗ ಬರುವ ಅಂಕಿಯನ್ನು ಘಟನೆಯ ವೇಳೆಯ ಮಟ್ಟ ಮೀರಿದರೆ ಮಾಸ್ಟ್ ಕೋಶಗಳು ಒಡೆದಿವೆ ಎಂದು ಅರ್ಥ. ಇಲ್ಲಿ ಆ ಅಂಕಿ 8.1ರ ಆಸುಪಾಸು; ರೋಗಿಯ ಮಟ್ಟ ಅದರ ಮೂರು ಪಟ್ಟಿಗೂ ಮೇಲೆ. ಎರಡನೆಯ ಮಾದರಿಯನ್ನು ಬಿಟ್ಟುಬಿಡುವ ರೂಢಿ ಹಲವೆಡೆ ಇದೆ. ಅದು ತಪ್ಪು ದಾರಿಗೆ ಎಳೆಯುತ್ತದೆ. ಸಹಜ ಮಟ್ಟ 3 ಇರುವ ವ್ಯಕ್ತಿಯಲ್ಲಿ ಘಟನೆಯ ವೇಳೆ 8 ಬಂದರೆ, ಪ್ರಯೋಗಾಲಯದ ವರದಿ 11.4ರ ಮಿತಿಯೊಳಗಿದೆ ಎಂದು ‘ಸಹಜ’ ಎನ್ನುತ್ತದೆ. ವಾಸ್ತವದಲ್ಲಿ ಅದು ಸ್ಪಷ್ಟವಾದ ಅನಾಫಿಲ್ಯಾಕ್ಸಿಸ್.

ಯಾವುದಕ್ಕೆ ಅಲರ್ಜಿ?

ಅಲರ್ಜಿ ಎಂದು ಗೊತ್ತಾಯಿತು. ಯಾವ ಔಷಧಿಗೆ ಎಂಬುದು ಗೊತ್ತಾಗಲಿಲ್ಲ. ಈ ಹಂತದಲ್ಲಿ ಬಹುತೇಕ ಪ್ರಕರಣಗಳು ನಿಂತುಬಿಡುತ್ತವೆ. ಬಿಡುಗಡೆ ಪತ್ರದಲ್ಲಿ ‘ಅರಿವಳಿಕೆಗೆ ಅಲರ್ಜಿ’ ಎಂಬ ಒಂದು ಸಾಲು ಸೇರಿಕೊಳ್ಳುತ್ತದೆ, ರೋಗಿ ಅದನ್ನು ಜೀವನಪೂರ್ತಿ ಹೊತ್ತು ತಿರುಗುತ್ತಾರೆ. ಅರಿವಳಿಕೆ ಎಂಬುದು ಒಂದು ಔಷಧಿಯಲ್ಲ. ಆ ದಿನ ಅರ್ಧ ಗಂಟೆಯೊಳಗೆ ಈ ಮಹಿಳೆಯ ದೇಹಕ್ಕೆ ಹತ್ತಿರ ಹತ್ತಿರ ಹತ್ತು ಬಗೆಯ ವಸ್ತುಗಳು ಸೋಕಿದ್ದವು. ಆ ಒಂದು ಸಾಲಿನಿಂದ ಮುಂದಿನ ವೈದ್ಯರು ಬೇಡದ ಔಷಧಿಯನ್ನು ಬಿಡುತ್ತಾರೆ ಎಂಬ ಖಾತ್ರಿಯಿಲ್ಲ, ಬೇಕಾದ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸುತ್ತಾರೆ ಎಂಬುದು ಮಾತ್ರ ಖಾತ್ರಿ.

ನಾವು ಮೊದಲು ಮಾಡಿದ್ದು ಸಮಯದ ಪಟ್ಟಿ. ಅರಿವಳಿಕೆಯ ಚಾರ್ಟಿನಲ್ಲಿ ಅಟ್ರಾಕ್ಯೂರಿಯಂವರೆಗಿನ ಔಷಧಿಗಳು ನಿಮಿಷ ಸಮೇತ ಇದ್ದವು. ಆಂಟಿಬಯಾಟಿಕ್ ಅದರಲ್ಲಿ ಇರಲಿಲ್ಲ. ಅದು ಕೇಸ್ ಶೀಟಿನಲ್ಲಿ ‘ಕೊಡಲಾಗಿದೆ’ ಎಂದಷ್ಟೇ ಇತ್ತು, ಸಮಯವಿರಲಿಲ್ಲ. ಓ.ಟಿ. ಸಿಸ್ಟರ್, ಟೆಕ್ನಿಷಿಯನ್ ಮತ್ತು ಅರಿವಳಿಕೆ ತಜ್ಞರನ್ನು ಅಂದೇ ಮಧ್ಯಾಹ್ನ ಒಟ್ಟಿಗೆ ಕೂರಿಸಿ, ಮಾನಿಟರಿನ ನೆನಪಿನಲ್ಲಿದ್ದ ನಿಮಿಷವಾರು ಅಂಕಿಗಳನ್ನು ಯಂತ್ರ ಆರಿಸುವ ಮುನ್ನವೇ ಫೋಟೋ ತೆಗೆದಿಟ್ಟುಕೊಂಡಿದ್ದರಿಂದ ಅವುಗಳ ಜೊತೆ ಎಲ್ಲರ ನೆನಪನ್ನು ತಾಳೆ ನೋಡಿ, 9.33 ಎಂಬ ಸಮಯಕ್ಕೆ ಬಂದೆವು. ಎರಡು ದಿನ ತಡವಾಗಿದ್ದರೆ ಆ ನಿಮಿಷ ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ. ಪಟ್ಟಿಯಲ್ಲಿ ಔಷಧಿಗಳಷ್ಟೇ ಅಲ್ಲ, ಟ್ಯೂಬಿಗೆ ಸವರಿದ ಲಿಗ್ನೋಕೇನ್ ಜೆಲ್ಲಿ, ಕೈಗವಸಿನ ಲ್ಯಾಟೆಕ್ಸ್, ಸೂಜಿ ಹಾಕುವ ಮೊದಲು ಚರ್ಮ ಒರೆಸಿದ ದ್ರಾವಣದಲ್ಲಿದ್ದ ಕ್ಲೋರ್‌ಹೆಕ್ಸಿಡಿನ್ ಇವನ್ನೂ ಸೇರಿಸಿದೆವು. ಯಾರೂ ಔಷಧಿಯೆಂದು ಪರಿಗಣಿಸದ ಕ್ಲೋರ್‌ಹೆಕ್ಸಿಡಿನ್ ಇಂಥ ಘಟನೆಗಳಲ್ಲಿ ಮತ್ತೆ ಮತ್ತೆ ಅಪರಾಧಿಯಾಗಿ ಸಿಕ್ಕಿಬಿದ್ದಿದೆ.

ಹೆಚ್ಚಿನ ಅನಾಫಿಲ್ಯಾಕ್ಸಿಸ್‌ಗಳು ರಕ್ತನಾಳಕ್ಕೆ ಔಷಧಿ ಹೋದ ಐದು ಹತ್ತು ನಿಮಿಷದೊಳಗೆ ಆಗುತ್ತವೆ. ಕುಸಿತಕ್ಕೆ ಮೂರು ನಿಮಿಷ ಮೊದಲು ಸೆಫ್ಟ್ರಿಯಾಕ್ಸೋನ್, ಹನ್ನೊಂದು ನಿಮಿಷ ಮೊದಲು ಅಟ್ರಾಕ್ಯೂರಿಯಂ. ಗಡಿಯಾರ ಆಂಟಿಬಯಾಟಿಕ್ ಕಡೆ ಬೆರಳು ತೋರಿಸುತ್ತಿತ್ತು, ಆದರೆ ಸುತ್ತಲಿದ್ದ ಎಲ್ಲರ ಅನುಮಾನ ಅಟ್ರಾಕ್ಯೂರಿಯಂ ಮೇಲಿತ್ತು. ಅದಕ್ಕೆ ಕಾರಣಗಳೂ ಇದ್ದವು. ಈ ಔಷಧಿ ನಿಜವಾದ ಅಲರ್ಜಿಯಿಲ್ಲದೆಯೂ ಮಾಸ್ಟ್ ಕೋಶಗಳಿಂದ ನೇರವಾಗಿ ಹಿಸ್ಟಮಿನ್ ಬಿಡಿಸಬಲ್ಲದು. ಎದೆ ಕೆಂಪಾಗಿ ಒತ್ತಡ ತುಸು ಇಳಿಯುವುದನ್ನು ಪ್ರತಿಯೊಬ್ಬ ಅರಿವಳಿಕೆ ತಜ್ಞರೂ ಕಂಡಿರುತ್ತಾರೆ. ಹಿಂದೆಂದೂ ಕೊಡದಿದ್ದ ವ್ಯಕ್ತಿಯಲ್ಲೂ ಸ್ನಾಯು ಸಡಿಲಕಗಳು ಮೊದಲ ಸಲವೇ ತೀವ್ರ ಅಲರ್ಜಿ ಉಂಟುಮಾಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಆಂಟಿಬಯಾಟಿಕ್‌ಗೆ ಟೆಸ್ಟ್ ಡೋಸ್ ಕೊಟ್ಟಾಗಿತ್ತಲ್ಲ. ರೋಗಿಯ ಪತಿಯೂ ಅದನ್ನೇ ಕೇಳಿದರು: “ಟೆಸ್ಟ್ ಮಾಡಿ ನೋಡಿ ತಾನೇ ಡಾಕ್ಟ್ರೇ ಆ ಇಂಜೆಕ್ಷನ್ ಕೊಟ್ಟಿದ್ದು? ಹಂಗಾದ್ರೆ ಅದರಿಂದ ಆಗಿರೋಕೆ ಸಾಧ್ಯ ಇಲ್ಲ ಅಲ್ವಾ?”

ಬ್ರಿಟನ್ನಿನ ಅರಿವಳಿಕೆ ತಜ್ಞರ ರಾಯಲ್ ಕಾಲೇಜು ಇಡೀ ದೇಶದ ಆಸ್ಪತ್ರೆಗಳಿಂದ ಮಾಹಿತಿ ಸಂಗ್ರಹಿಸಿ 2018ರಲ್ಲಿ ಪ್ರಕಟಿಸಿದ ಆರನೆಯ ರಾಷ್ಟ್ರೀಯ ಪರಿಶೋಧನೆಯಲ್ಲಿ 266 ತೀವ್ರ ಪ್ರಕರಣಗಳನ್ನು ಪರಿಶೀಲಿಸಲಾಗಿತ್ತು. ಕಾರಣ ಪತ್ತೆಯಾದವುಗಳಲ್ಲಿ ಶೇ 47ರಷ್ಟು ಆಂಟಿಬಯಾಟಿಕ್‌ಗಳಿಂದ, ಶೇ 33ರಷ್ಟು ಸ್ನಾಯು ಸಡಿಲಕಗಳಿಂದ, ಶೇ 9ರಷ್ಟು ಕ್ಲೋರ್‌ಹೆಕ್ಸಿಡಿನ್‌ನಿಂದ ಆಗಿದ್ದವು. ಒಟ್ಟಾರೆ ಹತ್ತು ಸಾವಿರ ಅರಿವಳಿಕೆಗಳಿಗೆ ಒಂದರಂತೆ ಇಂಥ ಘಟನೆ ನಡೆಯುತ್ತದೆ ಎಂಬುದು ಅದರ ಅಂದಾಜು. ಎಂದರೆ ಅಂಕಿಗಳೂ ಗಡಿಯಾರದ ಪರವಾಗಿದ್ದವು. ಟೆಸ್ಟ್ ಡೋಸ್ ಒಂದೇ ಅಡ್ಡ ನಿಂತಿತ್ತು.

ಬಿಡುಗಡೆ ಪತ್ರದಲ್ಲಿ ನಾವು ಬರೆದದ್ದು ಹೀಗೆ: ಅನಾಫಿಲ್ಯಾಕ್ಸಿಸ್ ದೃಢಪಟ್ಟಿದೆ, ಕಾರಣ ಇನ್ನೂ ಗೊತ್ತಿಲ್ಲ, ಸೆಫ್ಟ್ರಿಯಾಕ್ಸೋನ್ ಮತ್ತು ಅಟ್ರಾಕ್ಯೂರಿಯಂ ಎರಡರ ಮೇಲೂ ಅನುಮಾನವಿದೆ, ಪರೀಕ್ಷೆ ಮುಗಿಯುವವರೆಗೆ ಎರಡನ್ನೂ, ಅವುಗಳ ವರ್ಗದ ಇತರ ಔಷಧಿಗಳನ್ನೂ ಕೊಡಬಾರದು. ಔಷಧಿಗಳ ಪೂರ್ಣ ಪಟ್ಟಿ, ನಿಮಿಷಗಳು, ಟ್ರಿಪ್ಟೇಸ್ ಅಂಕಿಗಳು ಅದರ ಜೊತೆಗೇ ಇದ್ದವು.

ಚರ್ಮದ ಪರೀಕ್ಷೆ, ಮತ್ತು ಅದು ಮೊದಲ ದಿನ ನಿಂತುಹೋದ ಬಗೆ

ಘಟನೆಯಾದ ಕೂಡಲೇ ಚರ್ಮದ ಪರೀಕ್ಷೆ ಮಾಡಿದರೆ ಸುಳ್ಳು ಫಲಿತಾಂಶ ಬರಬಹುದು. ಒಡೆದ ಮಾಸ್ಟ್ ಕೋಶಗಳು ಮತ್ತೆ ತುಂಬಿಕೊಳ್ಳಲು ಕಾಲ ಬೇಕು. ಆದ್ದರಿಂದ ನಾಲ್ಕರಿಂದ ಆರು ವಾರ ಕಾಯುವುದು ಪದ್ಧತಿ. ಈ ನಡುವೆ ಕುಟುಂಬದವರು ಯಾರದೋ ಸಲಹೆಯಂತೆ ನೂರಾರು ಪದಾರ್ಥಗಳ ‘ಅಲರ್ಜಿ ಪ್ಯಾನೆಲ್’ ಎಂಬ ರಕ್ತಪರೀಕ್ಷೆ ಮಾಡಿಸಿ, ಅದರಲ್ಲಿ ಶೇಂಗಾ ಮತ್ತು ತೊಗರಿಬೇಳೆಯ ಮುಂದೆ ಸಣ್ಣ ಅಂಕಿಗಳು ಬಂದಿದ್ದರಿಂದ ಆಕೆಗೆ ಬೇಳೆಸಾರು ಬಿಡಿಸಿದ್ದರು. ಹುಟ್ಟಿದಾಗಿನಿಂದ ತಿಂದು ಏನೂ ಆಗದ ಆಹಾರಕ್ಕೆ ಆ ಅಂಕಿಗಳಿಂದ ಅಲರ್ಜಿ ಸಾಬೀತಾಗುವುದಿಲ್ಲ, ಆ ಪಟ್ಟಿಯಲ್ಲಿ ನಮಗೆ ಬೇಕಾಗಿದ್ದ ಔಷಧಿ ಒಂದೂ ಇರಲಿಲ್ಲ. ರಕ್ತದಲ್ಲಿ ಅಲರ್ಜಿಗೆ ಕಾರಣವಾಗುವ ಐ.ಜಿ.ಇ. ಪ್ರತಿಕಾಯ ಹುಡುಕುವ ನಂಬಲರ್ಹ ಪರೀಕ್ಷೆಗಳು ಬೆರಳೆಣಿಕೆಯ ಔಷಧಿಗಳಿಗೆ ಮಾತ್ರ ಇವೆ. ಬೇಳೆ ತಿನ್ನಲು ಹೇಳಿ ಕಳುಹಿಸಿದೆವು.

ಆರನೆಯ ವಾರ, ಅಲರ್ಜಿ ತಜ್ಞರೊಬ್ಬರ ಜೊತೆಗೂಡಿ, ಅಡ್ರಿನಲಿನ್, ಆಮ್ಲಜನಕ ಮತ್ತು ಮಾನಿಟರ್ ಪಕ್ಕದಲ್ಲಿಟ್ಟುಕೊಂಡು ಪರೀಕ್ಷೆ ಆರಂಭಿಸಿದೆವು. ಯಾವ ಔಷಧಿಯನ್ನೂ ಮುಟ್ಟುವ ಮೊದಲು ಎರಡು ಚುಚ್ಚು ಹಾಕುತ್ತೇವೆ: ಒಂದು ಉಪ್ಪುನೀರು, ಅದು ಉಬ್ಬಬಾರದು, ಇನ್ನೊಂದು ಹಿಸ್ಟಮಿನ್, ಅದು ಯಾರಲ್ಲಾದರೂ ಉಬ್ಬಲೇಬೇಕು. ಈ ಮಹಿಳೆಯ ಮುಂಗೈಯಲ್ಲಿ ಹಿಸ್ಟಮಿನ್ ಹಾಕಿದ ಜಾಗವೂ ಉಬ್ಬಲಿಲ್ಲ. ಹದಿನೈದು ನಿಮಿಷವಾದರೂ ಚರ್ಮ ಸಪಾಟಾಗಿಯೇ ಇತ್ತು. ಆ ಸ್ಥಿತಿಯಲ್ಲಿ ಮುಂದುವರಿದಿದ್ದರೆ ಎಲ್ಲ ಔಷಧಿಗಳೂ ‘ನೆಗೆಟಿವ್’ ಎಂದು ಬರುತ್ತಿದ್ದವು, ಆ ವರದಿ ಮುಂದೊಂದು ದಿನ ಆಕೆಯ ಜೀವಕ್ಕೆ ಎರವಾಗುತ್ತಿತ್ತು.

ಅಲರ್ಜಿ ಮಾತ್ರೆ ಯಾವುದನ್ನೂ ತೆಗೆದುಕೊಳ್ಳಬೇಡಿ ಎಂದು ಮೊದಲೇ ಹೇಳಿದ್ದೆವು, ಅದಕ್ಕೆ ಆಕೆ ಒಪ್ಪಿದ್ದರು. ಮತ್ತೆ ಬಿಡಿಬಿಡಿಯಾಗಿ ವಿಚಾರಿಸಿದೆವು. ಅಡಿಕೆ ತೋಟದ ಬದುವಿನಲ್ಲಿ ಮಳೆಯ ನಂತರ ದಟ್ಟವಾಗಿ ಬೆಳೆಯುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಕೀಳಲು ಹೋದಾಗಲೆಲ್ಲ ಆಕೆಗೆ ಸೀನು, ಮೂಗು ಸೋರುವುದು, ಕತ್ತಿನಲ್ಲಿ ಕೆರೆತ. ಅದಕ್ಕಾಗಿ ಊರಿನ ಮೆಡಿಕಲ್ ಸ್ಟೋರಿನಿಂದ ಪಟ್ಟಿಗಟ್ಟಲೆ ತಂದಿಟ್ಟುಕೊಂಡಿದ್ದ ಸಣ್ಣ ಬಿಳಿ ಮಾತ್ರೆಯನ್ನು ರಾತ್ರಿ ಮಲಗುವಾಗ ಒಂದರಂತೆ ನುಂಗುತ್ತಿದ್ದರು. “ಅದು ನೆಗಡಿ ಮಾತ್ರೆ ಡಾಕ್ಟ್ರೇ. ಅಲರ್ಜಿಗೆ ಅಂತ ಏನೂ ನುಂಗಿಲ್ಲ.” ಪಟ್ಟಿ ತರಿಸಿ ನೋಡಿದರೆ ಸೆಟಿರಿಜಿನ್ 10 ಮಿ.ಗ್ರಾಂ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯೂ ವಾರ್ಡಿನಲ್ಲಿ ಅದನ್ನು ನುಂಗಿದ್ದರು. ಔಷಧಿ ಪಟ್ಟಿಯಲ್ಲಿ ಅದು ಬಂದಿರಲಿಲ್ಲ, ಏಕೆಂದರೆ ಆಕೆಯ ಮಟ್ಟಿಗೆ ಅದು ಹೇಳಬೇಕಾದ ಔಷಧಿಯೇ ಆಗಿರಲಿಲ್ಲ.

ಟೆಸ್ಟ್ ಡೋಸ್ ಏಕೆ ಸರಿ ಬಂತು ಎಂಬುದು ಅಲ್ಲಿಗೆ ಅರ್ಥವಾಯಿತು. ಸೆಟಿರಿಜಿನ್ ಹಿಸ್ಟಮಿನ್ ಅಂಟಿಕೊಳ್ಳುವ ಜಾಗವನ್ನು ಮುಚ್ಚಿ ಚರ್ಮದ ಉಬ್ಬನ್ನು ಹಲವು ದಿನ ತಡೆಯುತ್ತದೆ, ಆದರೆ ರಕ್ತನಾಳಕ್ಕೆ ಒಂದು ಗ್ರಾಂ ಔಷಧಿ ಹೋದಾಗ ಎದುರಾಗುವ ಅನಾಫಿಲ್ಯಾಕ್ಸಿಸ್ ತಡೆಯುವ ಶಕ್ತಿ ಅದಕ್ಕಿಲ್ಲ. ಹಿಸ್ಟಮಿನ್ ಜೊತೆಗೆ ಬೇರೆ ರಾಸಾಯನಿಕಗಳೂ ಅಲ್ಲಿ ಕೆಲಸ ಮಾಡುತ್ತಿರುತ್ತವೆ. ಗಂಟೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಸದ್ದು ಕೇಳಲಿಲ್ಲ, ಆದ್ದರಿಂದ ಯಾರೂ ಬಂದಿಲ್ಲ ಎಂದು ಬರೆದಂತಾಗಿತ್ತು ಆ ಬೆಳಗಿನ ಪರೀಕ್ಷೆ. ವಾರ್ಡಿನ ಪದ್ಧತಿಯನ್ನೂ ವಿಚಾರಿಸಿದಾಗ ತಿಳಿದದ್ದು: ದ್ರಾವಣದ ಸಾಂದ್ರತೆ ಮಿಲಿಲೀಟರಿಗೆ ಸುಮಾರು 1 ಮಿ.ಗ್ರಾಂ.; ಓದಿದ್ದು ಹತ್ತು ನಿಮಿಷಕ್ಕೇ; ಹಿಸ್ಟಮಿನ್ ಮತ್ತು ಉಪ್ಪುನೀರಿನ ಹೋಲಿಕೆ ಇರಲಿಲ್ಲ. ಬಹುತೇಕ ಆಸ್ಪತ್ರೆಗಳಲ್ಲಿ ಇದೇ ಪದ್ಧತಿ ನಡೆಯುತ್ತಿದೆ, ಆದ್ದರಿಂದ ಯಾರನ್ನೂ ಬೊಟ್ಟು ಮಾಡಿ ತೋರಿಸಲು ಇದನ್ನು ಹೇಳುತ್ತಿಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಹಿಂದೆ ಅಲರ್ಜಿಯ ಇತಿಹಾಸವೇ ಇಲ್ಲದವರಿಗೆಲ್ಲ ಟೆಸ್ಟ್ ಡೋಸ್ ಕೊಡುವ ರೂಢಿ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಬಿಟ್ಟರೆ ಕಾನೂನಿನ ತೊಡಕಾದೀತೆಂಬ ಭಯದಿಂದಲೇ ಮಾಡುವವರಿದ್ದಾರೆ. ತೀವ್ರ ಪ್ರತಿಕ್ರಿಯೆ ಹತ್ತು ಸಾವಿರಕ್ಕೆ ಒಬ್ಬರಿಗೆ ಆಗುವಂಥದ್ದಾದರೆ, ಯಾವ ಪರೀಕ್ಷೆಯನ್ನೂ ಮಾಡದೆ ಎಲ್ಲರಿಗೂ ‘ರಿಯಾಕ್ಷನ್ ಇಲ್ಲ’ ಎಂದು ಬರೆದರೂ ಉಳಿದ 9,999 ಜನರ ವಿಷಯದಲ್ಲಿ ಬರಹ ನಿಜವೇ ಆಗುತ್ತದೆ. ಟೆಸ್ಟ್ ಡೋಸ್ ಮೇಲಿನ ನಮ್ಮ ವಿಶ್ವಾಸದ ಬಹುಪಾಲು ಇಂಥದ್ದು. ದ್ರಾವಣ ಗಟ್ಟಿಯಾದರೆ ತೊಂದರೆ ಇನ್ನೊಂದು ಬಗೆಯದು: ಸೀಸೆಯಲ್ಲಿ ಕಲಸಿದ ಔಷಧಿಯನ್ನು ಹಾಗೆಯೇ ಚರ್ಮದೊಳಗೆ ಕೊಟ್ಟರೆ ಅಲರ್ಜಿ ಇಲ್ಲದವರಲ್ಲೂ ಉರಿಯಿಂದ ಉಬ್ಬು ಬರುತ್ತದೆ, ಅವರ ಹೆಸರಿನ ಮುಂದೆ ಸುಳ್ಳು ಅಲರ್ಜಿ ಸೇರುತ್ತದೆ. ಇದಕ್ಕೆ ಬದಲು ಆಕೆಯ ಹಳೆಯ ಚೀಟಿಗಳನ್ನು ನೋಡುವುದು ಹೆಚ್ಚು ಫಲ ಕೊಡುತ್ತಿತ್ತು. ಪತಿ ಮನೆಯಿಂದ ತಂದ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿದ್ದ ಚೀಟಿಗಳ ಪ್ರಕಾರ ಹಿಂದಿನ ಎರಡು ವರ್ಷಗಳಲ್ಲಿ ಎರಡು ಸಲ ಜ್ವರಕ್ಕೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಆಗಿತ್ತು. ಎರಡನೆಯ ಸಲದ ಕೊನೆಯ ದಿನ ಅಂಗೈ ಅಂಗಾಲು ತುರಿಸಿದ್ದನ್ನು ಆಕೆ ಈಗ ನೆನಪಿಸಿಕೊಂಡರು. ಜ್ವರದ ಕಾವಿಗೆ ಹಾಗಾಯಿತೆಂದು ಆಗ ಅಂದುಕೊಂಡಿದ್ದರಂತೆ.

ಸೆಟಿರಿಜಿನ್ ನಿಲ್ಲಿಸಿ, ಮೂಗಿನ ತೊಂದರೆಗೆ ಸ್ಟೀರಾಯ್ಡ್ ಸ್ಪ್ರೇ ಮಾತ್ರ ಕೊಟ್ಟು, ಕಾಂಗ್ರೆಸ್ ಗಿಡದ ಹತ್ತಿರ ಸುಳಿಯದಂತೆ ಹೇಳಿ, ಒಂದು ವಾರ ಬಿಟ್ಟು ಮತ್ತೆ ಕರೆಸಿಕೊಂಡೆವು. ಈ ಸಲ ಹಿಸ್ಟಮಿನ್ ಜಾಗದಲ್ಲಿ 6 ಮಿ.ಮೀ. ಉಬ್ಬು ಎದ್ದಿತು, ಉಪ್ಪುನೀರಿನ ಜಾಗ ಹಾಗೆಯೇ ಇತ್ತು. ಚರ್ಮದ ಮೇಲ್ಪದರದ ಚುಚ್ಚು ಪರೀಕ್ಷೆಯಲ್ಲಿ ಮಿಡಜೋಲಮ್, ಫೆಂಟನಿಲ್, ಪ್ರೊಪೊಫೋಲ್, ಅಟ್ರಾಕ್ಯೂರಿಯಂ, ಲಿಗ್ನೋಕೇನ್, ಕ್ಲೋರ್‌ಹೆಕ್ಸಿಡಿನ್, ಲ್ಯಾಟೆಕ್ಸ್, ಸೆಫ್ಟ್ರಿಯಾಕ್ಸೋನ್ ಯಾವುದೂ ಉಬ್ಬಲಿಲ್ಲ. ಮುಂದಿನ ಹಂತ ಚರ್ಮದೊಳಗೆ ಕೊಡುವ ಪರೀಕ್ಷೆ. ಇದು ಹೆಚ್ಚು ಸೂಕ್ಷ್ಮ, ಆದ್ದರಿಂದಲೇ ಸಾಂದ್ರತೆಯ ಶಿಸ್ತು ಇಲ್ಲಿ ಪ್ರಾಣದಷ್ಟು ಮುಖ್ಯ. ಅಟ್ರಾಕ್ಯೂರಿಯಂ ಅನ್ನು ಸಾವಿರ ಪಟ್ಟು ತೆಳುಗೊಳಿಸಿ ಮಿಲಿಲೀಟರಿಗೆ 10 ಮೈಕ್ರೋಗ್ರಾಂಗೆ ಇಳಿಸಿಯೇ ಕೊಡಬೇಕು; ಅದಕ್ಕಿಂತ ಗಟ್ಟಿಯಾದರೆ ಈ ಔಷಧಿ ತನ್ನ ಹಿಸ್ಟಮಿನ್ ಬಿಡಿಸುವ ಗುಣದಿಂದಲೇ ಯಾರ ಚರ್ಮವನ್ನಾದರೂ ಉಬ್ಬಿಸುತ್ತದೆ. ಸರಿಯಾದ ಸಾಂದ್ರತೆಯಲ್ಲಿ ಅದು ನೆಗೆಟಿವ್ ಬಂದಿತು. ಪ್ರೊಪೊಫೋಲ್, ಫೆಂಟನಿಲ್ ಸಹ ನೆಗೆಟಿವ್.

ಸೆಫ್ಟ್ರಿಯಾಕ್ಸೋನ್ ಅನ್ನು, ಹಿಂದಿನ ಪ್ರತಿಕ್ರಿಯೆ ತೀವ್ರವಾಗಿದ್ದರಿಂದ, ಚರ್ಮದ ಪರೀಕ್ಷೆಗೆ ಬಳಸುವ ಪೂರ್ಣ ಸಾಂದ್ರತೆಯ ನೂರನೆಯ ಒಂದು ಪಾಲಿನಿಂದ ಆರಂಭಿಸಿದೆವು. ಮೊದಲ ಎರಡು ಹಂತಗಳಲ್ಲಿ ಏನೂ ಆಗಲಿಲ್ಲ. ಮಿಲಿಲೀಟರಿಗೆ 2 ಮಿ.ಗ್ರಾಂ. ಹಂತದಲ್ಲಿ 5 ಮಿ.ಮೀ. ಇದ್ದ ಉಬ್ಬು ಇಪ್ಪತ್ತು ನಿಮಿಷಕ್ಕೆ 12 ಮಿ.ಮೀ. ಆಯಿತು, ಸುತ್ತಲೂ ಕೆಂಪು ಹರಡಿತು, ಕೈ ತುರಿಸತೊಡಗಿತು. ಆರಂಭದ ಉಬ್ಬಿಗಿಂತ 3 ಮಿ.ಮೀ. ಹೆಚ್ಚಾದರೆ ಪಾಸಿಟಿವ್ ಎನ್ನುವುದು ವಾಡಿಕೆ. ಇಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಗಡಿಯಾರ, ಹಳೆಯ ಚೀಟಿ, ಚರ್ಮ ಮೂರೂ ಒಂದೇ ಔಷಧಿಯನ್ನು ತೋರಿಸಿದವು.

ಯಾವುದನ್ನು ಕೊಡಬಹುದು?

ಬೇಡದ ಔಷಧಿಯ ಹೆಸರು ಸಿಕ್ಕರೆ ರೋಗನಿರ್ಣಯ ಅರ್ಧ ಮುಗಿದಂತೆ. ಈ ಮಹಿಳೆಗೆ ಶಸ್ತ್ರಚಿಕಿತ್ಸೆ ಇನ್ನೂ ಬಾಕಿ ಇತ್ತು, ಅದಕ್ಕೊಂದು ಆಂಟಿಬಯಾಟಿಕ್ ಬೇಕಿತ್ತು. ಸೆಫ್ಟ್ರಿಯಾಕ್ಸೋನ್ ಸೇರಿರುವ ಸೆಫಲೋಸ್ಪೋರಿನ್ ವರ್ಗದ ಔಷಧಿಗಳಲ್ಲಿ ಅಡ್ಡ ಅಲರ್ಜಿಯನ್ನು, ಅಂದರೆ ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದಕ್ಕೂ ಆಗುವುದನ್ನು, ನಿರ್ಧರಿಸುವುದು ಬಹುಮಟ್ಟಿಗೆ ಅಣುವಿನ ಪಕ್ಕದ ಸರಪಳಿ. ಸೆಫ್ಟ್ರಿಯಾಕ್ಸೋನ್, ಸೆಫೊಟ್ಯಾಕ್ಸಿಮ್, ಸೆಫೆಪೀಮ್ ಮತ್ತು ಮಾತ್ರೆಯಾಗಿ ಸಿಗುವ ಸೆಫ್‌ಪೊಡಾಕ್ಸಿಮ್ ಒಂದೇ ಪಕ್ಕದ ಸರಪಳಿಯವು. ಸೆಫಜೋಲಿನ್ ಇವುಗಳಿಂದ ಬೇರೆ. ಅದರ ಸರಪಳಿ ಇತರ ಯಾವ ಸಾಮಾನ್ಯ ಸೆಫಲೋಸ್ಪೋರಿನ್ ಜೊತೆಗೂ, ಪೆನ್ಸಿಲಿನ್ ಜೊತೆಗೂ ಹೊಂದುವುದಿಲ್ಲ. ಪರೀಕ್ಷೆಯಲ್ಲಿ ಸೆಫೊಟ್ಯಾಕ್ಸಿಮ್ ಪಾಸಿಟಿವ್, ಸೆಫಜೋಲಿನ್ ಮತ್ತು ಆಂಪಿಸಿಲಿನ್ ನೆಗೆಟಿವ್ ಬಂದವು. ಚರ್ಮದ ಪರೀಕ್ಷೆ ನೆಗೆಟಿವ್ ಎಂದಷ್ಟಕ್ಕೇ ನಿಲ್ಲದೆ, ಸೆಫಜೋಲಿನ್‌ನ ಹತ್ತನೆಯ ಒಂದು ಪಾಲನ್ನು ಮೊದಲು ಕೊಟ್ಟು, ಅರ್ಧ ಗಂಟೆ ಕಾದು, ಉಳಿದದ್ದನ್ನು ಕೊಟ್ಟು ನಿಗಾದಲ್ಲಿಟ್ಟು ನೋಡಿದೆವು. ಏನೂ ಆಗಲಿಲ್ಲ.

ಕೆಲವು ದಿನಗಳ ನಂತರ ಅದೇ ಓ.ಟಿ.ಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ನಡೆಯಿತು. ಸೆಫಜೋಲಿನ್ ಅನ್ನು ರೋಗಿ ಎಚ್ಚರವಿರುವಾಗಲೇ ಕೊಡಲಾಯಿತು, ತೊಂದರೆಯಾದರೆ ಬಾಯಿಬಿಟ್ಟು ಹೇಳಲಿ ಎಂದು. ಆಮೇಲೆ ಫೆಂಟನಿಲ್, ಪ್ರೊಪೊಫೋಲ್, ಅಟ್ರಾಕ್ಯೂರಿಯಂ ಒಂದೊಂದರ ನಡುವೆ ಕೆಲವು ನಿಮಿಷ ಬಿಟ್ಟು, ಪ್ರತಿಯೊಂದನ್ನೂ ಚಾರ್ಟಿನಲ್ಲಿ ನಿಮಿಷ ಸಮೇತ ಬರೆದು ಕೊಡಲಾಯಿತು. ಎಲ್ಲರೂ ಅಪರಾಧಿ ಎಂದುಕೊಂಡಿದ್ದ ಅಟ್ರಾಕ್ಯೂರಿಯಂನಿಂದ ಒತ್ತಡ ಕದಲಲಿಲ್ಲ. ಮೂರನೆಯ ದಿನ ಮನೆಗೆ ಹೋದರು.

ಘಟನೆಯನ್ನು ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ನಮೂನೆಯಲ್ಲಿ ವರದಿ ಮಾಡಿದೆವು. ಆಕೆಗೆ ಕೊಟ್ಟ ಕಾರ್ಡಿನಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಔಷಧಿಯ ಮೂಲ ಹೆಸರುಗಳಿವೆ, ಏಕೆಂದರೆ ಸೀಸೆಯ ಮೇಲಿನ ಕಂಪನಿಯ ಹೆಸರು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಕೊಡಬಾರದವು: ಸೆಫ್ಟ್ರಿಯಾಕ್ಸೋನ್, ಸೆಫೊಟ್ಯಾಕ್ಸಿಮ್, ಸೆಫೆಪೀಮ್, ಸೆಫ್‌ಪೊಡಾಕ್ಸಿಮ್; ಸರಪಳಿ ಸ್ವಲ್ಪ ಹೋಲುವ ಸೆಫಿಕ್ಸಿಮ್ ಅನ್ನು ಪರೀಕ್ಷಿಸದೆ ಕೊಡಬಾರದು. ಕೊಟ್ಟು ನೋಡಿ ಸುರಕ್ಷಿತವೆಂದು ಖಚಿತವಾದವು: ಸೆಫಜೋಲಿನ್, ಪ್ರೊಪೊಫೋಲ್, ಫೆಂಟನಿಲ್, ಅಟ್ರಾಕ್ಯೂರಿಯಂ. ಕೊಡಬಹುದಾದ ಔಷಧಿಗಳ ಪಟ್ಟಿ ಇಲ್ಲದ ಅಲರ್ಜಿ ಕಾರ್ಡು ತುರ್ತು ಸಮಯದಲ್ಲಿ ವೈದ್ಯರ ಕೈ ಕಟ್ಟುತ್ತದೆ. ಆ ಎರಡನೆಯ ಪಟ್ಟಿಯನ್ನು ನಾನು ಮೊದಲನೆಯದರಷ್ಟೇ ಮುಖ್ಯವೆಂದು ಭಾವಿಸುತ್ತೇನೆ. ಅತಿ ಕೆಳಗಿನ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ, ಈ ರೋಗಿಗೆ ಅರಿವಳಿಕೆ ಕೊಡಬಹುದು ಎಂದಿದೆ.

ಕಾರ್ಡು ಪಡೆಯುವಾಗ ಮಗ ತನಗೂ ತಂಗಿಗೂ ಇದೇ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿದರು. ಇಂಥ ಔಷಧಿ ಅಲರ್ಜಿ ತಾಯಿಯಿಂದ ಮಕ್ಕಳಿಗೆ ಬರುವಂಥದ್ದಲ್ಲ, ಔಷಧಿ ಪಡೆದಾಗ ಅವರಿಗೆ ಸ್ವತಃ ತೊಂದರೆ ಆಗದ ಹೊರತು ಪರೀಕ್ಷೆಯ ಅಗತ್ಯವಿಲ್ಲ ಎಂದು ತಿಳಿಸಿದೆವು. ಸೆಟಿರಿಜಿನ್ ಮತ್ತೆ ಶುರು ಮಾಡಲು ಆಕೆಗೆ ಅಡ್ಡಿಯಿರಲಿಲ್ಲ. ಆಸ್ಪತ್ರೆಗೆ ಹೋದಾಗ ಆ ಮಾತ್ರೆಯ ಹೆಸರನ್ನೂ ಹೇಳಬೇಕೆಂದು ಮಗನ ಕೈಯಿಂದಲೇ ಕಾರ್ಡಿನ ಹಿಂಬದಿಯಲ್ಲಿ ಬರೆಸಿದೆವು.